ಟಿಲ್ಲರ್ ಹಿಡಿದ ಕೈ

ಮೂರನೆಯ ಪಾಠದ ದಿನ ತರಬೇತುದಾರರು ನನ್ನ ಎಡಗೈ ಬೆರಳುಗಳ ನಡುವೆ ಒಂದು ಪೆನ್ಸಿಲ್ ಸಿಕ್ಕಿಸಿದರು. ತೋರುಬೆರಳು, ಉಂಗುರಬೆರಳುಗಳ ಕೆಳಗೆ, ನಡುಬೆರಳಿನ ಮೇಲೆ. "ಈಗ ಯೋಕ್ ಹಿಡಿಯಿರಿ ಸರ್" ಎಂದರು. ಯೋಕ್ ಎಂದರೆ ವಿಮಾನವನ್ನು ವಾಲಿಸುವ, ಮೂಗನ್ನು ಎತ್ತಿ ಇಳಿಸುವ ಹಿಡಿಕೆ. ಅಭ್ಯಾಸಬಲದಿಂದ ಬಿಗಿಯಾಗಿ ಹಿಡಿದೆ. ಪೆನ್ಸಿಲ್ ಮೂಳೆಗೆ ಒತ್ತಿ ಜೀವ ಹೋದಂತಾಯಿತು. ಅವರು ಏನೂ ಹೇಳಲಿಲ್ಲ. ಆ ಒಂದು ಗಂಟೆಯ ಹಾರಾಟದುದ್ದಕ್ಕೂ ನಾನು ಬಿಗಿ ಹಿಡಿದಾಗಲೆಲ್ಲ ಪೆನ್ಸಿಲ್ಲೇ ಹೇಳಿತು.

ನನ್ನ ಕೈ ಇಪ್ಪತ್ತೆರಡು ವರ್ಷ ಪವರ್ ಟಿಲ್ಲರ್ ಹಿಡಿದ ಕೈ. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಹೇಮಾವತಿ ಹೊಳೆಯ ದಂಡೆಯ ಒಂದು ಸಣ್ಣ ಊರು ನಮ್ಮದು. ಭತ್ತ, ಸ್ವಲ್ಪ ಜೋಳ, ಶುಂಠಿ. ಕೆಸರುಗದ್ದೆಯಲ್ಲಿ ಟಿಲ್ಲರ್ ಹೊಡೆಯುವವನು ಯಂತ್ರದ ಜೊತೆ ಗುದ್ದಾಡಲೇಬೇಕು. ತಿರುಗಿಸಲು ಹಿಡಿಯ ಕೆಳಗಿನ ಕ್ಲಚ್ ಅದುಮಬೇಕು, ಸೊಂಟದಿಂದ ತಳ್ಳಬೇಕು, ಮುಂಗೈ ಸಡಿಲ ಬಿಟ್ಟರೆ ಯಂತ್ರ ತನಗೆ ಬೇಕಾದ ಕಡೆ ಹೋಗುತ್ತದೆ. ವಿಮಾನ ಇದಕ್ಕೆ ತದ್ವಿರುದ್ಧ. ಟ್ರಿಮ್ ಎನ್ನುವ ಸಣ್ಣ ಚಕ್ರವೊಂದು ಬಲಗೈ ಬಳಿ ಇರುತ್ತದೆ. ಅದನ್ನು ಸರಿಯಾಗಿ ತಿರುಗಿಸಿ ಕೈಮೇಲಿನ ಒತ್ತಡ ತೆಗೆದುಹಾಕಿದರೆ, ಯೋಕ್ ಬಿಟ್ಟು ಕುಳಿತರೂ ನಾನು ಕಲಿಯುವ ಸಣ್ಣ ಸೆಸ್ನಾ ವಿಮಾನ ತನ್ನ ಪಾಡಿಗೆ ನೆಟ್ಟಗೆ ಹಾರುತ್ತದೆ. ಎರಡು ಬೆರಳು ಸಾಕು. ಈ ಮಾತನ್ನು ನಂಬುವುದಕ್ಕೆ ನನಗೆ ಆರು ಗಂಟೆಗಳ ಹಾರಾಟ ಬೇಕಾಯಿತು.

ಆಸೆ ಹಳೆಯದು. ನಮ್ಮ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ನಾನು ಕಾಲೇಜು ಬಿಟ್ಟು ಗದ್ದೆಗೆ ಇಳಿದಿದ್ದ ಹುಡುಗ. ಬೇಸಾಯ ಮಾಡಿದ ಮನುಷ್ಯ ವಿಮಾನ ಕಂಪನಿ ಕಟ್ಟಿದ ಎನ್ನುವ ಸುದ್ದಿ ನಮ್ಮ ಊರಿನ ಅರಳಿಕಟ್ಟೆಯವರೆಗೂ ಬಂದಿತ್ತು. ಕಂಪನಿಯ ಮೇಲೆ ನನಗೆ ಆಸೆ ಹುಟ್ಟಲಿಲ್ಲ. ಒಂದು ಸಲ ಮುಂದಿನ ಸೀಟಿನಲ್ಲಿ ಕುಳಿತು ನಾನೇ ಓಡಿಸಬೇಕು ಎನ್ನಿಸಿತು, ಅಷ್ಟೆ. ಮದುವೆ, ಮಗಳ ಶಾಲೆ, ಅಪ್ಪನ ಕಾಯಿಲೆ, ಎರಡು ವರ್ಷ ಕೊಳೆರೋಗಕ್ಕೆ ಹೋದ ಶುಂಠಿ. ಆಸೆ ಅಟ್ಟ ಸೇರಿತು. 2023ರಲ್ಲಿ ಶುಂಠಿಗೆ ಹಿಂದೆಂದೂ ಕಾಣದ ಬೆಲೆ ಬಂತು. ನಮ್ಮ ಹೊಲದಲ್ಲಿ ಆ ವರ್ಷ ರೋಗವೂ ಬರಲಿಲ್ಲ. ಸಾಲ ತೀರಿ, ಮನೆಯ ಹೆಂಚು ಬದಲಾಗಿ, ಕೈಯಲ್ಲಿ ಹಣ ಉಳಿಯಿತು. ಹೆಂಡತಿ ಮೊದಲ ದಿನವೇ "ಹೋಗಿ" ಎಂದಳು. ಅವ್ವನನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು.

ವಿಮಾನ ಹಾರಿಸಲು ಏನೇನು ಬೇಕು ಎಂದು ಕೆಲವರು ಕೇಳುತ್ತಾರೆ, ಆದ್ದರಿಂದ ಹೇಳುತ್ತೇನೆ. ಹವ್ಯಾಸಕ್ಕಾಗಿ ಹಾರುವ ಖಾಸಗಿ ಪೈಲಟ್ ಪರವಾನಗಿಗೆ ಹತ್ತನೆಯ ತರಗತಿ ಪಾಸಾಗಿದ್ದು 17 ವರ್ಷ ತುಂಬಿದ್ದರೆ ಸಾಕು. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಪ್ಪಿದ ವೈದ್ಯರಿಂದ ಎರಡನೆಯ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ಕನಿಷ್ಠ 40 ಗಂಟೆಗಳ ಹಾರಾಟ ಬೇಕು, ಅದರಲ್ಲಿ ಒಂದು ಪಾಲು ಒಬ್ಬರೇ ಹಾರಿದ್ದಿರಬೇಕು. ಸಂಬಳಕ್ಕೆ ಹಾರುವ ವಾಣಿಜ್ಯ ಪರವಾನಗಿಯ ಲೆಕ್ಕ ಬೇರೆ, ಅದಕ್ಕೆ 200 ಗಂಟೆ. ನನ್ನ ಲಾಗ್‌ಬುಕ್ಕಿನಲ್ಲಿ ಈಗ 17 ಗಂಟೆಗಳಿವೆ. ಒಬ್ಬನೇ ಇನ್ನೂ ಹಾರಿಲ್ಲ.

ನಮ್ಮ ಜಿಲ್ಲೆಯಲ್ಲಿ ಕಲಿಸುವವರಿಲ್ಲವಾದ್ದರಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುತ್ತೇನೆ. ಬೆಳಗಿನ ಜಾವ ಮೂರಕ್ಕೆ ಮನೆ ಬಿಟ್ಟು, ಹೊಳೆನರಸೀಪುರ, ಕೃಷ್ಣರಾಜನಗರ ದಾಟಿ, ಬಿಸಿಲು ಏರುವ ಮೊದಲೇ ಅಲ್ಲಿರಬೇಕು. ದಾರಿಯುದ್ದಕ್ಕೂ ರೇಡಿಯೊದ ಅಂಕಿಗಳನ್ನು ಬಾಯಿಪಾಠ ಮಾಡುತ್ತೇನೆ. ಮೂರಕ್ಕೆ ಟ್ರೀ, ಐದಕ್ಕೆ ಫೈಫ್, ಒಂಬತ್ತಕ್ಕೆ ನೈನರ್. ಕರಕರ ಎನ್ನುವ ರೇಡಿಯೊದಲ್ಲಿ ಒಂದು ಅಂಕಿ ಇನ್ನೊಂದರಂತೆ ಕೇಳಿಸಬಾರದು ಎಂದು ಲೋಕದ ಪೈಲಟ್‌ಗಳೆಲ್ಲ ಹೀಗೆಯೇ ಹೇಳುತ್ತಾರೆ.

ಹಾರುವ ಮೊದಲಿನ ತಪಾಸಣೆ ನನಗೆ ಬಹಳ ಪ್ರಿಯವಾದ ಕೆಲಸ. ರೆಕ್ಕೆಯ ಅಡಿಯಲ್ಲಿ ಸಣ್ಣ ವಾಲ್ವ್ ಇದೆ. ಪಾರದರ್ಶಕ ಲೋಟವನ್ನು ಅದಕ್ಕೆ ಒತ್ತಿದರೆ ಟ್ಯಾಂಕಿನ ತಳದ ಇಂಧನ ಸ್ವಲ್ಪ ಇಳಿಯುತ್ತದೆ. ಈ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ. ಲೋಟವನ್ನು ಬೆಳಕಿಗೆ ಹಿಡಿದು ನೋಡಬೇಕು. ನೀರು ಸೇರಿದ್ದರೆ ಅದು ಪೆಟ್ರೋಲಿಗಿಂತ ಭಾರ, ತಳದಲ್ಲಿ ಬಣ್ಣವಿಲ್ಲದ ಮಣಿಯಂತೆ ಕೂರುತ್ತದೆ. ಒಂದು ಮಳೆಯ ಮರುದಿನ ನಾನು ಹಿಡಿದ ಲೋಟದಲ್ಲಿ ಕಡಲೆಬೇಳೆ ಗಾತ್ರದ ಒಂದು ಮಣಿ ಉರುಳಾಡುತ್ತಿತ್ತು. ಲೋಟ ವಾಲಿಸಿದ ಕಡೆ ಅದು ಜಾರುತ್ತಿತ್ತು, ಒಡೆಯುತ್ತಿರಲಿಲ್ಲ. ಚೆಲ್ಲಿದೆ, ಮತ್ತೆ ಹಿಡಿದೆ, ಮತ್ತೆ ಚೆಲ್ಲಿದೆ. ಮೂರನೆಯ ಸಲ ಅಪ್ಪಟ ನೀಲಿ ಬಂತು. ಟಿಲ್ಲರ್‌ನ ಡೀಸೆಲ್‌ನಲ್ಲಿ ನೀರು ಸೇರಿದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ, ನಾವು ಬದುವಿನ ಮೇಲೆ ಕುಳಿತು ಪೈಪು ಬಿಚ್ಚುತ್ತೇವೆ. ಮೇಲೆ ಕೂರಲು ಬದುವಿಲ್ಲ. ಆ ಮಣಿ ನೋಡಿದಂದಿನಿಂದ ತಪಾಸಣೆ ಪಟ್ಟಿಯ ಒಂದು ಸಾಲನ್ನೂ ನಾನು ಹಾರಿಸಿಲ್ಲ.

ಮೋಡದ ವಿಷಯದಲ್ಲಿ ಮನಸ್ಸು ಎರಡಾಗುತ್ತದೆ. ಭರಣಿ ಬಂದರೆ ಧರಣಿ ಬದುಕೀತು ಎಂದು ಏಪ್ರಿಲ್ ಕೊನೆಯಲ್ಲಿ ಮುಗಿಲು ನೋಡುತ್ತಾ ಕೂರುವ ಜನ ನಾವು. ಮಧ್ಯಾಹ್ನದ ಮೇಲೆ ಹೂಕೋಸಿನಂತೆ ಉಬ್ಬಿ, ನೆತ್ತಿ ಚಪ್ಪಟೆಯಾಗಿ ಹರಡುವ ಮೋಡ ಕಂಡರೆ ಊರಿಗೆ ಊರೇ ಹಿಗ್ಗುತ್ತದೆ. ಅದೇ ಮೋಡವನ್ನು ಹವಾಮಾನದ ಪಾಠದಲ್ಲಿ ಕ್ಯುಮುಲೊನಿಂಬಸ್ ಎನ್ನುತ್ತಾರೆ. ಅದರೊಳಗೆ ಗಾಳಿ ಒಂದು ಕಡೆ ಮೇಲಕ್ಕೆ ನುಗ್ಗುತ್ತದೆ, ಪಕ್ಕದಲ್ಲೇ ಕೆಳಕ್ಕೆ ಬೀಳುತ್ತದೆ. ಆಲಿಕಲ್ಲು ಹುಟ್ಟುವುದೂ ಅಲ್ಲೇ. ಅದರ ಹತ್ತಿರಕ್ಕೂ ಹೋಗಬಾರದು. ಈ ಮೇ ತಿಂಗಳಲ್ಲಿ ಒಂದು ದಿನ ಅಂಥ ಮೋಡ ಎದ್ದಿತೆಂದು ನನ್ನ ಪಾಠ ರದ್ದಾಯಿತು. ಬೇಸರದಿಂದ ಮನೆಗೆ ಬಂದರೆ ಶುಂಠಿಯ ಸಾಲುಗಳೆಲ್ಲ ತೊಯ್ದು ಕಪ್ಪಾಗಿದ್ದವು. ಬೇಸರ ಅಲ್ಲೇ ಹೋಯಿತು.

ಮುಖ್ಯವಾಗಿ ಹೇಳಬೇಕಾದದ್ದು ಜೂನ್ ಎರಡನೆಯ ವಾರದ ಒಂದು ಇಳಿಕೆಯ ಬಗ್ಗೆ.

ಮುಂಗಾರು ಹಿಡಿದಿತ್ತು, ಆದರೆ ಆ ಬೆಳಿಗ್ಗೆ ಮೋಡ ಎತ್ತರದಲ್ಲಿತ್ತು. ಮಂಡಕಳ್ಳಿಯ ರನ್‌ವೇ ಪೂರ್ವ–ಪಶ್ಚಿಮವಾಗಿ ಮಲಗಿದೆ. ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ ಅದರ ಹೆಸರು 27, ಅಂದರೆ ದಿಕ್ಸೂಚಿಯ 270 ಡಿಗ್ರಿ. ನಾವು ಸುತ್ತು ಹಾಕುವಾಗ ಎಡಕ್ಕೆ ರನ್‌ವೇ, ಅದರಾಚೆ ಚಾಮುಂಡಿ ಬೆಟ್ಟ. ನೆಲದಿಂದ ಸಾವಿರ ಅಡಿ ಮೇಲಿದ್ದರೂ ಬೆಟ್ಟದ ನೆತ್ತಿ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಗಾಳಿ 240 ಡಿಗ್ರಿಯಿಂದ 12 ನಾಟ್ ಎಂದು ನಿಲ್ದಾಣದ ನಿಯಂತ್ರಣ ಟವರ್ ಹೇಳಿತು. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. ರನ್‌ವೇಗೂ ಗಾಳಿಗೂ 30 ಡಿಗ್ರಿ ಅಂತರವಿದ್ದರೆ ಗಾಳಿಯ ಅರ್ಧ ಬಲ ಅಡ್ಡಕ್ಕೆ ಬಡಿಯುತ್ತದೆ. ಹಾಗಾಗಿ ಆರು ನಾಟ್, ಎಡಗಡೆಯಿಂದ. ಅನುಭವಸ್ಥರಿಗೆ ಅದು ದೊಡ್ಡದಲ್ಲ. ನನಗೆ ಅದು ಮೊದಲ ಅಡ್ಡಗಾಳಿ.

ಕೊನೆಯ ತಿರುವು ಮುಗಿಸಿ ಮೂಗನ್ನು ರನ್‌ವೇಗೆ ಗುರಿಯಿಟ್ಟೆ. 65 ನಾಟ್ ವೇಗ. ನೋಡನೋಡುತ್ತಿದ್ದಂತೆ ರನ್‌ವೇ ಎಡಕ್ಕೆ ಸರಿಯತೊಡಗಿತು. ಸರಿಯುತ್ತಿದ್ದದ್ದು ನಾನು. ಮತ್ತೆ ಗುರಿಯಿಟ್ಟೆ, ಮತ್ತೆ ಸರಿದೆ. ಕೈ ತಾನಾಗಿಯೇ ಬಿಗಿಯಿತು. "ಗುರಿಯಿಡಬೇಡಿ ಸರ್, ಗಾಳಿಯ ಕಡೆಗೆ ಮೂಗು ತಿರುಗಿಸಿಟ್ಟು ಬಿಡಿ" ಎಂದರು ಪಕ್ಕದಿಂದ.

ಆಗ ಅಪ್ಪನ ನೆನಪಾಯಿತು. ಮಳೆಗಾಲದಲ್ಲಿ ಎಮ್ಮೆಗಳನ್ನು ಹೊಳೆ ದಾಟಿಸುವಾಗ ಅಪ್ಪ ಆಚೆ ದಡದ ಬಟ್ಟೆ ಒಗೆಯುವ ಕಲ್ಲಿಗೆ ನೇರವಾಗಿ ಎಂದೂ ಇಳಿಸುತ್ತಿರಲಿಲ್ಲ. ಮೇಲೆ ನಡೆದು ಹೊಂಗೆಮರದ ಬಳಿ ಇಳಿಸಿ, ನೀರಿನ ಎದುರಿಗೆ ಓರೆಯಾಗಿ ಮುಖ ಮಾಡಿಸುತ್ತಿದ್ದರು. "ಕಲ್ಲು ನೋಡಬೇಡ, ನೀರು ನೋಡು. ಕಲ್ಲಿಗೆ ನೀರೇ ಮುಟ್ಟಿಸುತ್ತದೆ" ಎನ್ನುತ್ತಿದ್ದರು. ಎಮ್ಮೆಗಳು ಓರೆಯಾಗಿಯೇ ಈಜುತ್ತಾ ಸರಿಯಾಗಿ ಕಲ್ಲಿನ ಬಳಿ ಹತ್ತುತ್ತಿದ್ದವು.

ಮೂಗನ್ನು ಸ್ವಲ್ಪ ಎಡಕ್ಕೆ ತಿರುಗಿಸಿಟ್ಟೆ. ರನ್‌ವೇ ಸರಿಯುವುದು ನಿಂತಿತು. ವಿಮಾನ ಎಡಕ್ಕೆ ನೋಡುತ್ತಿತ್ತು, ಹೋಗುತ್ತಿದ್ದದ್ದು ನೇರವಾಗಿ. ಪಾಠದಲ್ಲಿ ಇದಕ್ಕೆ ಕ್ರ್ಯಾಬ್ ಎನ್ನುತ್ತಾರೆ, ನಮ್ಮ ಗದ್ದೆಯ ಏಡಿ ನಡೆಯುವ ಹಾಗೆ. ಆದರೆ ಓರೆಯಾಗಿ ನೆಲ ಮುಟ್ಟಿದರೆ ಚಕ್ರಗಳಿಗೆ ಪೆಟ್ಟು. ಕೊನೆಗಳಿಗೆಯಲ್ಲಿ ಎಡಬಲಕ್ಕೆ ತಿರುಗಿಸುವ ರಡರ್ ಪೆಡಲನ್ನು ಬಲಗಾಲಿನಿಂದ ಒತ್ತಿ ಮೂಗನ್ನು ರನ್‌ವೇಯ ನೇರಕ್ಕೆ ತರಬೇಕು, ಗಾಳಿ ತಳ್ಳದಂತೆ ಎಡ ರೆಕ್ಕೆಯನ್ನು ಸ್ವಲ್ಪ ಇಳಿಸಬೇಕು. ಕೈ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ. ಅದೇ ಹೊತ್ತಿಗೆ ಕಣ್ಣನ್ನು ಹತ್ತಿರದ ಡಾಂಬರಿನಿಂದ ಎತ್ತಿ ರನ್‌ವೇಯ ತುದಿಗೆ ಒಯ್ಯಬೇಕು. ಹತ್ತಿರ ನೋಡುವವನಿಗೆ ಎತ್ತರ ತಿಳಿಯುವುದಿಲ್ಲ.

ತುದಿ ನೋಡಿದೆ. ಮೆಲ್ಲಗೆ ಯೋಕ್ ಎಳೆಯುತ್ತಾ ಹೋದೆ. ನೆಲ ಎರಡೂ ಕಿವಿಗಳ ಪಕ್ಕ ಮೇಲೆದ್ದು ಬರುತ್ತಿರುವಂತೆ ಕಂಡಿತು. ಮೊದಲು ಎಡ ಚಕ್ರ ಕಿರ್ ಎಂದಿತು. ಅನಂತರ ಬಲದ್ದು. ಕೊನೆಗೆ ಮೂಗಿನ ಚಕ್ರ. ತರಬೇತುದಾರರ ಕೈಗಳು ಅವರ ಮಡಿಲಿನಲ್ಲೇ ಇದ್ದವು. ನನ್ನ ಎಡಗೈ ನೋಡಿಕೊಂಡೆ. ಹೆಬ್ಬೆರಳು, ತೋರುಬೆರಳು ಮಾತ್ರ ಯೋಕ್ ಮೇಲಿದ್ದವು.

ಕೆಳಗಿಳಿದು, ಲಾಗ್‌ಬುಕ್ ಬರೆದು, ಅವ್ವನಿಗೆ ಫೋನ್ ಮಾಡಿದೆ. ಪ್ರತಿ ಸಲವೂ ಮೊದಲ ಕರೆ ಅವ್ವನಿಗೇ, ಅದು ಒಪ್ಪಿಗೆ ಕೊಟ್ಟಾಗ ಹಾಕಿದ ಷರತ್ತು.

"ಇಳಿದೆಯಾ?"

"ಇಳಿದೆ ಅವ್ವ. ಗಾಳಿ ಜೋರಿತ್ತು. ಅಪ್ಪ ಎಮ್ಮೆ ದಾಟಿಸುತ್ತಿದ್ದ ಹಾಗೆ ಇಳಿಸಿದೆ."

ಅವ್ವ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹೊಂಗೆಮರದ ಹತ್ತಿರದಿಂದಲಾ?" ಎಂದು ಕೇಳಿದರು.

"ಹೌದು, ಅಲ್ಲಿಂದಲೇ."

"ಸರಿ, ಬೇಗ ಬಾ. ಇಲ್ಲಿ ರಾತ್ರಿಯಿಂದ ಹೊಯ್ಯುತ್ತಿದೆ. ಮೇಲಿನ ಹೊಲದ ಬಸಿಗಾಲುವೆ ಕಟ್ಟಿಕೊಂಡಿದೆ, ಶುಂಠಿಯ ಬುಡದಲ್ಲಿ ನೀರು ನಿಂತಿದೆ."

ಮಧ್ಯಾಹ್ನದ ಊಟದ ಹೊತ್ತಿಗೆ ಊರು ಸೇರಿದೆ. ಗುದ್ದಲಿ ಹಿಡಿದು ಮೇಲಿನ ಹೊಲಕ್ಕೆ ಹೋದೆ. ಕತ್ತಲಾಗುವಷ್ಟರಲ್ಲಿ ನೀರೆಲ್ಲ ಬಸಿದು ಹೊಳೆಯ ಕಡೆ ಹೋಯಿತು.