ಅಮ್ಮನ ಸಹಿಗೆ ಬೆಲೆ ಬಂದ ವರ್ಷ

ಯಾವೂರು ಅಂತ ಯಾರಾದರೂ ಕೇಳಿ, ನಾನು ದೇವನಹಳ್ಳಿ ಅಂದರೆ ಮುಂದಿನ ಪ್ರಶ್ನೆ ಜಮೀನಿನದೇ. ಎಷ್ಟಿದೆ, ಎಲ್ಲಿದೆ, ಈಗ ಎಕರೆಗೆ ಏನು ನಡೀತಿದೆ. ಮುಂಚೆ ಹಾಗಿರಲಿಲ್ಲ. ಚಕ್ಕೋತ ತರಲಿಲ್ವಾ ಅನ್ನೋರು, ಇಲ್ಲಾ ಟಿಪ್ಪು ಹುಟ್ಟಿದ ಊರಲ್ವಾ ಅನ್ನೋರು. ಕೋಟೆ ಈಗಲೂ ಇದೆ, ಚಕ್ಕೋತಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ, ಆದರೆ ಮಾತು ಎಲ್ಲಿಂದ ಶುರುವಾದರೂ ಬೆಲೆಗೇ ಬಂದು ನಿಲ್ಲುತ್ತದೆ. ಹೊರಗಿನವರ ಮಾತು ಬಿಡಿ, ನಮ್ಮ ಮನೆಯೊಳಗೂ ಹಾಗೇ ಆಗಿದೆ. 2025ರ ಹಿರಿಯರ ಹಬ್ಬದ ದಿನ ನಡೆದದ್ದನ್ನು ಬರೆದಿಡಬೇಕು ಅನ್ನಿಸಿ ಬಹಳ ದಿನವಾಯಿತು.

ಮೊದಲು ಸ್ವಲ್ಪ ಹಳೇದು ಹೇಳಬೇಕು. ಅಪ್ಪನ ಜಮೀನು ಏರ್‌ಪೋರ್ಟಿಗೆ ಹೋಯಿತು. ಸುಮಾರು 4,000 ಎಕರೆ ತೆಗೆದುಕೊಂಡರಲ್ಲ, ಅದರಲ್ಲಿ ನಮ್ಮದೂ ಒಂದು ತುಂಡು. ನೋಟಿಸು ಬಂತು, ಅಪ್ಪ ಮತ್ತು ದೊಡ್ಡಪ್ಪ ಹೋಗಿ ಸಹಿ ಹಾಕಿ ಬಂದರು. ಅಮ್ಮನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹೊಲದ ಕೆಲಸ ಅರ್ಧಕ್ಕಿಂತ ಜಾಸ್ತಿ ಮಾಡುತ್ತಿದ್ದವಳು ಅವಳು. ಹಸು ಕಟ್ಟುವ ಜಾಗವೂ ಅದರಲ್ಲೇ ಸೇರಿದೆ ಅಂತ ಅವಳಿಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಬಂದ ದುಡ್ಡಲ್ಲಿ ಟೌನಿನಲ್ಲಿ ಒಂದು ಮನೆ ಆಯಿತು, ಅಕ್ಕನ ಮದುವೆ ಆಯಿತು, ನಾನು ಬೆಂಗಳೂರಿಗೆ ಹೋಗಿ ಬಿ.ಕಾಂ. ಓದಿದೆ. ಉಳಿದದ್ದು ಕರಗಿತು. 2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ಶುರುವಾದಾಗ ಊರಿಗೆ ಊರೇ ಹೆದ್ದಾರಿ ಪಕ್ಕ ನಿಂತು ವಿಮಾನ ನೋಡಿತು. ಅಪ್ಪ ಮನೆಯಿಂದ ಹೊರಗೆ ಬರಲಿಲ್ಲ. ಆಗ ನಮಗೆ ಒಂದು ಎಕರೆಗೆ ಸಿಕ್ಕ ದುಡ್ಡಿಗೆ ಇವತ್ತು ಅಲ್ಲೇ ಸುತ್ತಮುತ್ತ 30x40 ಅಡಿಯ ಒಂದೇ ಒಂದು ಸೈಟೂ ಬರುವುದಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ಈ ಲೆಕ್ಕ ಹಾಕುತ್ತಲೇ ಇದ್ದರು.

ಹಾಗಂತ ಏರ್‌ಪೋರ್ಟನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನು ಓದಿದ್ದೇ ಆ ದುಡ್ಡಲ್ಲಿ. ನಮ್ಮ ಬೀದಿಯ ಎಷ್ಟೋ ಹುಡುಗರು ಟ್ಯಾಕ್ಸಿ ಓಡಿಸಿ, ಕಾರ್ಗೋದಲ್ಲಿ ದುಡಿದು ಮನೆ ಕಟ್ಟಿದ್ದಾರೆ. ಇದನ್ನು ಮರೆತು ಸುಮ್ನೆ ಹಳೇ ಊರು ಚೆನ್ನಾಗಿತ್ತು ಅಂತ ಬರೆದರೆ ಅದು ಸುಳ್ಳಾಗುತ್ತದೆ.

ಅಮ್ಮನ ತವರು ಚನ್ನರಾಯಪಟ್ಟಣ ಹೋಬಳಿಯಲ್ಲಿದೆ. ಹಾಸನದ ಚನ್ನರಾಯಪಟ್ಟಣ ಅಲ್ಲ, ನಮ್ಮದೇ ತಾಲ್ಲೂಕಿನದು. ಏರೋಸ್ಪೇಸ್ ಪಾರ್ಕಿಗೆ ಅಂತ ಸರ್ಕಾರ 13 ಹಳ್ಳಿಗಳ 1,777 ಎಕರೆ ಗುರುತು ಮಾಡಿತ್ತಲ್ಲ, ಅದರಲ್ಲಿ ಮಾವನ ಜಮೀನೂ ಇತ್ತು. 2022ರ ಏಪ್ರಿಲ್‌ನಲ್ಲಿ ನಾಡಕಚೇರಿ ಮುಂದೆ ಧರಣಿ ಶುರುವಾಯಿತು. ಮೂರು ವರ್ಷಕ್ಕೂ ಜಾಸ್ತಿ ನಡೆಯಿತು. ಮಾವ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಧರಣಿಗೆ ಹೋಗುತ್ತಿದ್ದರು, ಮಧ್ಯಾಹ್ನ ಬಂದು ಮತ್ತೆ ಸೊಪ್ಪು ಹಾಕುತ್ತಿದ್ದರು. ಹುಳ ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಹೊತ್ತು ಹೊತ್ತಿಗೆ ತಿನ್ನಲು ಬೇಕೇ ಬೇಕು, ಅದಕ್ಕೆ ಧರಣಿ ಗೊತ್ತಾಗುತ್ತಾ? ಅವರು ಹೋದ ದಿನ ಅತ್ತೆ ಮನೆಯಲ್ಲಿ, ಅತ್ತೆ ಹೋದ ದಿನ ಅವರು ಮನೆಯಲ್ಲಿ. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂದರು. ಆ ಸಂಜೆ ಮಾವ ಫೋನ್ ಮಾಡಿ ಏನೂ ಮಾತಾಡಲಾಗದೆ ಅತ್ತರು. ಗಂಡಸರು ಹಾಗೆ ಅಳುವುದನ್ನು ನಾನು ನಮ್ಮ ಕಡೆ ಕೇಳಿಲ್ಲ.

ಆದರೆ ಸ್ವಂತ ಇಷ್ಟದಿಂದ ಕೊಡುವವರು ಕೊಡಬಹುದು ಅಂತಲೂ ಅದೇ ದಿನ ಹೇಳಿದ್ದರು. ಹಳ್ಳಿಗಳಲ್ಲಿ ಕೊಡ್ತೀವಿ ಅನ್ನೋರೂ ಇದ್ದರು, ಸಾಲ ಇದ್ದವರು, ಮಕ್ಕಳು ಊರು ಬಿಟ್ಟವರು. ಅವರನ್ನು ತಪ್ಪು ಅನ್ನಲು ನನಗೆ ಯಾವ ಅಧಿಕಾರವೂ ಇಲ್ಲ. ಸರ್ಕಾರದ ಮಾತು ಒಂದು ಕಡೆ ನಿಂತ ಮೇಲೆ ಬ್ರೋಕರ್‌ಗಳ ಫೋನು ಜಾಸ್ತಿಯಾಯಿತು. ಆಗಸ್ಟ್‌ನಲ್ಲಿ ಒಂದು ದಿನ ನನಗೇ ಬಂತು. ನಂಬರ್ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. "ಮೇಡಂ, ನಿಮ್ಮ ತಾಯಿಯವರಿಗೆ ಅಲ್ಲಿ ಹಕ್ಕಿದೆ. ಅವರು ಒಂದು ಸಹಿ ಹಾಕಿದ್ರೆ ಉಳಿದದ್ದೆಲ್ಲ ನಾವು ನೋಡ್ಕೋತೀವಿ," ಅಂದರು. ಮಾವನಿಗೆ ಗೊತ್ತಾ ಅಂತ ಕೇಳಿದೆ. "ಅವರು ಒಪ್ಪಲ್ಲ ಮೇಡಂ, ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯಾಗಿತ್ತು. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ತಾತ ಹೋಗಿ ಬಹಳ ವರ್ಷ ಆಗಿತ್ತು, ಪಹಣಿ ಮಾತ್ರ ಇನ್ನೂ ತಾತನ ಹೆಸರಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿರಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ. ರಾಗಿ ಬೆಳೆಯುವವರೆಗೆ ಯಾರ ಹೆಸರಲ್ಲಿದ್ದರೇನು ಅಂತ ಸುಮ್ಮನಿರುತ್ತಾರೆ, ಬೆಲೆ ಬಂದ ಮೇಲೆ ಅಕ್ಕ-ತಂಗಿಯರ ನೆನಪಾಗುತ್ತದೆ. ಊರಲ್ಲಿ ಪಾಲಿನ ದಾವೆ ಇಲ್ಲದ ಮನೆ ಹುಡುಕಬೇಕು ಈಗ. ಒಟ್ಟಿಗೆ ಉಂಡವರು ಕೋರ್ಟಿನ ಕಾರಿಡಾರಿನಲ್ಲಿ ಮುಖ ತಿರುಗಿಸಿಕೊಂಡು ನಿಂತಿರುವುದನ್ನು ನಾನೇ ನೋಡಿದ್ದೇನೆ. ಲೇಔಟು, ಅಪಾರ್ಟ್‌ಮೆಂಟು, ಧೂಳು, ಟ್ರಾಫಿಕ್ಕು, ಇವೆಲ್ಲಕ್ಕಿಂತ ನನಗೆ ಹೆಚ್ಚು ನೋವು ಕೊಟ್ಟಿರುವುದು ಇದು.

ಫೋನಿನ ವಿಷಯ ಅಮ್ಮನಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹಬ್ಬಕ್ಕೆ ಹೋಗ್ತೀವಲ್ಲ, ಅಲ್ಲಿ ನೋಡೋಣ," ಅಂದಳು.

ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ. ನಾನು, ಅಮ್ಮ, ಅಕ್ಕನ ಮಗಳು ಮೂವರೂ ಕಾರಿನಲ್ಲಿ ಹೊರಟೆವು. ಅಕ್ಕನ ಮಗಳು ದೊಡ್ಡಬಳ್ಳಾಪುರದ ಕಡೆ ಬಂದಿರುವ ಫಾಕ್ಸ್‌ಕಾನ್‌ನಲ್ಲಿ ಕೆಲಸ ಮಾಡುತ್ತಾಳೆ. ಐಫೋನ್ ಜೋಡಿಸುವ ಕೆಲಸ. ಆ ವಾರ ರಾತ್ರಿ ಪಾಳಿ ಮುಗಿಸಿ ಬಂದಿದ್ದಳು, ಕಣ್ಣಲ್ಲಿ ನಿದ್ದೆ. ದಾರಿಯಲ್ಲಿ ಒಂದು ಕೆರೆ ತುಂಬಿತ್ತು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ನೀರು ಅದು, ಬೆಂಗಳೂರು ಬಳಸಿ ಬಿಟ್ಟದ್ದನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುತ್ತಾರೆ. ನನ್ನ ಚಿಕ್ಕಂದಿನಲ್ಲಿ ಈ ಕೆರೆಗಳು ಒಣಗಿ ಜಾಲಿ ಬೆಳೆದಿದ್ದವು, ಕೊಳವೆಬಾವಿ ಸಾವಿರ ಅಡಿ ದಾಟಿದರೂ ಬರೀ ಧೂಳು ಬರುತ್ತಿತ್ತು. ಈಗ ಅಂತರ್ಜಲ ಮೇಲೆ ಬಂದಿದೆ. ಕೆರೆ ತುಂಬಿದ್ದು ನೋಡಿದರೆ ಮನಸ್ಸು ತುಂಬುತ್ತದೆ, ಹತ್ತಿರ ಹೋದರೆ ವಾಸನೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಜನ ಕೇಳುತ್ತಲೇ ಇದ್ದಾರೆ. ಅಷ್ಟು ನ್ಯಾಯವಾದ ಬೇಡಿಕೆಗೆ ಯಾಕಿಷ್ಟು ವರ್ಷ?

ನಾನು ಹೊಲಗಳನ್ನು ತೋರಿಸಿ ಎಷ್ಟು ಚೆನ್ನಾಗಿದೆ ನೋಡು ಅಂದೆ. ಅಕ್ಕನ ಮಗಳು ಕಣ್ಣುಜ್ಜಿಕೊಂಡು, "ಚೆನ್ನಾಗಿದೆ ಚಿಕ್ಕಿ. ಆದ್ರೆ ಕಳೆ ಕೀಳೋಕೆ ನೀವು ಬರ್ತೀರಾ?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಅವಳ ಅಪ್ಪ ಸಂಘದಲ್ಲಿ ಅಕ್ಕನ ಹೆಸರಿಗೆ ಮಾಡಿದ್ದ ಸಾಲ ತೀರಿಸಿದ್ದು ಈ ಹುಡುಗಿ. ಮದುವೆ ಮಾತು ಬಂದರೆ ಇನ್ನೆರಡು ವರ್ಷ ಬೇಡ ಅಂತ ಖಡಕ್ಕಾಗಿ ಹೇಳುತ್ತಾಳೆ, ಮನೆಯವರು ಕೇಳುತ್ತಾರೆ. ಅವಳ ವಯಸ್ಸಿನಲ್ಲಿ ಅಕ್ಕ ಆ ಮಾತು ಆಡಿದ್ದರೆ ಯಾರು ಕೇಳುತ್ತಿದ್ದರು? ಅವಳು ದುಡಿಯುವ ಆ ಕಾರ್ಖಾನೆಯ 300 ಎಕರೆಯೂ ಯಾರದೋ ಹೊಲವಾಗಿತ್ತು. ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ನನಗೆ ಆಗುತ್ತಿಲ್ಲ.

ಮಾವನ ಮನೆಯಲ್ಲಿ ಎಡೆ ಇಡುವ ಹೊತ್ತಿಗೆ ತಲುಪಿದೆವು. ತಾತ, ಅಜ್ಜಿಗೆ ಹೊಸ ಬಟ್ಟೆ, ಕಜ್ಜಾಯ, ವಡೆ, ನಾಟಿ ಕೋಳಿ ಸಾರು, ತಾತನಿಗೆ ಇಷ್ಟ ಅಂತ ಬೀಡಿ. ಚಿಕ್ಕಬಳ್ಳಾಪುರದಿಂದ ಚಿಕ್ಕಮ್ಮನೂ ಬಂದಿದ್ದಳು. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು. ಊಟಕ್ಕೆ ಕೂತಾಗಲೂ ಯಾರೂ ಜಮೀನಿನ ಮಾತು ಎತ್ತಲಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ ಇದೆ ಅಂತ ಗೊತ್ತಾಗುತ್ತಿತ್ತು. ಮುದ್ದೆ ಮುಗಿದು ಅನ್ನಕ್ಕೆ ಬರುವಾಗ ಅಮ್ಮನೇ ಶುರು ಮಾಡಿದಳು.

"ನಂಗೂ ಫೋನ್ ಬಂತು ಕಣೋ. ಸಹಿ ಹಾಕು ಅಂತ."

ಮಾವ ತಲೆ ಎತ್ತಲಿಲ್ಲ. "ನಿಂಗೂ ಮಾಡವ್ರಾ? ಹಾಕು ಅಕ್ಕಾ, ನಿಂದು ಹಕ್ಕೈತೆ. ನಾನೇನು ಬೇಡ ಅನ್ನಲ್ಲ." ಆ ದನಿ ಕೇಳಿ ನನಗೆ ಗಂಟಲು ಕಟ್ಟಿತು. ಮೂರು ವರ್ಷ ಸರ್ಕಾರದ ಎದುರು ಕೂತ ಮನುಷ್ಯ ಅಕ್ಕನ ಎದುರು ಇಷ್ಟು ಸಣ್ಣಗೆ ಮಾತಾಡುತ್ತಿದ್ದಾರೆ.

ಆಗ ಚಿಕ್ಕಮ್ಮ ಬಾಯಿ ಬಿಟ್ಟಳು. "ಮಾರೋದ್ರಲ್ಲಿ ತಪ್ಪೇನೈತೆ? ನಿಂಗೇನಕ್ಕಾ, ಟೌನಲ್ಲಿ ಸ್ವಂತ ಮನೆ ಐತೆ. ನಾನು ಹೂ ಕಟ್ಟಿ ಬಾಡಿಗೆ ಕಟ್ತಾ ಇದ್ದೀನಿ." ಅದೂ ಸುಳ್ಳಲ್ಲ. ಆ ಸ್ವಂತ ಮನೆ ಬಂದದ್ದು ಏರ್‌ಪೋರ್ಟ್ ದುಡ್ಡಿನಿಂದ ಅಂತ ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಅತ್ತೆ ಕೈ ತೊಳೆದು ಎದ್ದು ಒಳಗೆ ಹೋದರು. ಜಗಳ ಆಗಿಯೇ ಆಗುತ್ತದೆ ಅಂದುಕೊಂಡೆ.

ಅಮ್ಮ ಜಗಳಕ್ಕೆ ಬಿಡಲಿಲ್ಲ. ಅವಳು ಅಂದದ್ದು ಹೆಚ್ಚುಕಮ್ಮಿ ಹೀಗೆ: "ನಂಗೆ ಪಾಲು ಬೇಡ ಅಂತ ನಾನು ಹೇಳಲ್ಲ. ಬೇಡ ಅಂತ ಬರ್ಕೊಡೋದೂ ಇಲ್ಲ. ಮಾರೋದೂ ಇಲ್ಲ. ಮೊದ್ಲು ಅಪ್ಪನ ಹೆಸರಿಂದ ತೆಗೆಸಿ ಪೌತಿ ಖಾತೆ ಮಾಡ್ಸು. ನನ್ನ ಹೆಸರು ಹಾಕ್ಸು, ಇವಳ ಹೆಸರು ಹಾಕ್ಸು. ಉಳೋನು ನೀನೇ ಉಳು. ಅವಳು ಕಷ್ಟದಲ್ಲವ್ಳೆ, ವರ್ಷಕ್ಕೆ ಅವಳ ಪಾಲಿಗೆ ಇಷ್ಟು ಅಂತ ಗುತ್ತಿಗೆ ದುಡ್ಡು ಕೊಡು. ಅಲ್ಲಿ ಗಂಡನ ಮನೇಲಿ ಹೋಯ್ತು, ನನ್ನ ಯಾರು ಕೇಳಿದ್ರು? ಈಗ ಕೇಳ್ತಾವ್ರೆ. ಕೇಳಿದ ಮೇಲೆ ನಾನು ಹೇಳ್ಬೇಕಲ್ವಾ?"

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಆ ಮಧ್ಯಾಹ್ನ ನನಗೆ ಅರ್ಥವಾದದ್ದೂ ಅದೇ, ಮತ್ತು ಅದು ಇಂದಿಗೂ ನನ್ನನ್ನು ಕಾಡುತ್ತಿದೆ. ಭೂಮಿಗೆ ಈ ಪಾಟಿ ಬೆಲೆ ಬರದೇ ಹೋಗಿದ್ದರೆ ಅಮ್ಮನ ಸಹಿ ಯಾರಿಗೂ ಬೇಕಾಗಿರುತ್ತಿರಲಿಲ್ಲ. ಕಾನೂನು ಬಂದು ಇಪ್ಪತ್ತು ವರ್ಷ ಆಗಿತ್ತು. ಅಷ್ಟು ವರ್ಷ ಅವಳ ಹಕ್ಕು ಯಾರಿಗೂ, ಅವಳಿಗೂ ನೆನಪಿರಲಿಲ್ಲ. ಅದನ್ನು ನೆನಪಿಸಿದ್ದು, ಅಣ್ಣತಮ್ಮಂದಿರನ್ನು ಕೋರ್ಟಿಗೆ ಎಳೆದ ಅದೇ ಬೆಲೆ, ಅದೇ ಬ್ರೋಕರ್. ಊರು ಬೆಳೆದದ್ದು ಒಳ್ಳೆಯದಾಯಿತಾ ಕೆಟ್ಟದ್ದಾಯಿತಾ ಅಂತ ಯಾರಾದರೂ ಕೇಳಿದರೆ ನನಗೆ ಈ ಊಟದ ಪಂಕ್ತಿ ಕಣ್ಣ ಮುಂದೆ ಬರುತ್ತದೆ, ಬಾಯಿಗೆ ಒಂದು ಮಾತು ಬರುವುದಿಲ್ಲ.

ಚಿಕ್ಕಮ್ಮನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಸಂಜೆ ಎಲ್ಲರೂ ನಲ್ಲೂರು ಹುಣಸೆ ತೋಪಿನ ಕಡೆ ನಡೆದುಕೊಂಡು ಹೋದೆವು, ಹೋಗುವ ದಾರಿಯುದ್ದಕ್ಕೂ ಅವಳು ಅಮ್ಮನ ಜೊತೆ ಮಾತಾಡಲಿಲ್ಲ. ತೋಪು 54 ಎಕರೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆದದ್ದು ಇದೇ. ನೂರಾರು ವರ್ಷದ ಮರಗಳು, ಎಷ್ಟೋ ಮರಗಳ ಒಳಗೆಲ್ಲ ಟೊಳ್ಳು, ಆದರೂ ಚಿಗುರುತ್ತವೆ. ತಾತನ ಕಾಲದಲ್ಲಿ ಇಲ್ಲಿಂದ ಹುಣಸೆ ತಂದು ವರ್ಷಕ್ಕಾಗುವಷ್ಟು ಕುಟ್ಟಿ ಇಡುತ್ತಿದ್ದರಂತೆ. ಅಕ್ಕನ ಮಗಳು ಒಂದು ಬೇರಿನ ಮೇಲೆ ಕೂತು ಅಲ್ಲೇ ನಿದ್ದೆ ಹೋದಳು. ಇದು ಉಳಿದಿರುವುದು ಯಾರೋ ಕೂತು ಬರೆದು, ಓಡಾಡಿ, ಕಾಗದದ ಮೇಲೆ ತಂದದ್ದರಿಂದ. ಬರೀ ಪ್ರೀತಿಯಿಂದ ನಮ್ಮ ಕಡೆ ಏನೂ ಉಳಿದಿಲ್ಲ. ಅಮ್ಮ ಪೌತಿ ಖಾತೆಯ ಮಾತು ಎತ್ತಿದ್ದಕ್ಕೆ ನನಗೆ ಅಷ್ಟು ಖುಷಿಯಾದದ್ದು ಅದಕ್ಕೇ.

ಮುಂದಿನ ವಾರ ಮಾವ ಮತ್ತು ನಾನು ವಂಶವೃಕ್ಷಕ್ಕೆ ಅರ್ಜಿ ಹಾಕಲು ನಾಡಕಚೇರಿಗೆ ಹೋದೆವು. ಮಾವ ಮೂರು ವರ್ಷ ಧರಣಿ ಕೂತಿದ್ದ ಜಾಗ ನನಗೆ ತೋರಿಸಿದರು, ಮಳೆಗೆ ಎಲ್ಲಿ ಸೋರುತ್ತಿತ್ತು, ಯಾರು ಎಲ್ಲಿ ಕೂರುತ್ತಿದ್ದರು ಅಂತ. ಅರ್ಜಿ, ಮರಣ ಪ್ರಮಾಣಪತ್ರ, ಆಧಾರ್, ಮಹಜರು, ಓಡಾಟ ಸಾಕಷ್ಟಾಯಿತು. ಡಿಸೆಂಬರ್‌ನಲ್ಲಿ ರಾಗಿ ಕಣದ ಹೊತ್ತಿಗೆ ಪಹಣಿಯಲ್ಲಿ ಮೂವರ ಹೆಸರೂ ಬಂತು. ಅಮ್ಮನಿಗೆ ಓದಿ ಹೇಳಿದೆ. ಅವಳು ತನ್ನ ಹೆಸರಿನ ಮುಂದೆ ಗಂಡನ ಹೆಸರು ಇದೆಯೋ ಅಪ್ಪನ ಹೆಸರು ಇದೆಯೋ ಅಂತ ಕೇಳಿದಳು, ಅಪ್ಪನದು ಅಂದೆ, ಸರಿ ಅಂದಳು. ಚಿಕ್ಕಮ್ಮನಿಗೆ ಮಾವ ಆ ಸಲದ ರೇಷ್ಮೆಗೂಡಿನ ದುಡ್ಡಲ್ಲೇ ಗುತ್ತಿಗೆ ಕೊಟ್ಟರು. ಅದು ಅವಳ ಬಾಡಿಗೆಗೆ ಸಾಲದು, ನನಗೆ ಗೊತ್ತು. ಅವಳು ಮುಂದೆ ಮಾರುತ್ತೇನೆ ಅಂದರೆ ತಡೆಯುವ ಹಕ್ಕು ನಮಗಿಲ್ಲ, ತಡೆಯಲೂಬಾರದು.

ಅಮ್ಮನ ನಂತರ ಆ ಸಹಿ ನನ್ನದು ಮತ್ತು ಅಕ್ಕನದು. ಅಕ್ಕನಿಗೆ ಮನೆ ಸಾಲ ಇನ್ನೂ ಇದೆ. ಹೊಲದ ಬೆಲೆ ವರ್ಷ ವರ್ಷ ಏರುತ್ತಿದೆ. ಮಾವನಿಗೂ ವಯಸ್ಸಾಗುತ್ತಿದೆ, ಅವರ ಮಗ ಏರ್‌ಪೋರ್ಟ್ ಕಾರ್ಗೋದಲ್ಲಿದ್ದಾನೆ. ಇದನ್ನೆಲ್ಲ ಅಮ್ಮ ಇರುವಾಗಲೇ, ಅವಳನ್ನು ಕೂರಿಸಿಕೊಂಡೇ ಮಾತಾಡಬೇಕು ಅಂತ ಅಕ್ಕನಿಗೆ ಹೇಳಿದ್ದೇನೆ. ಯುಗಾದಿಗೆ ಎಲ್ಲರೂ ಮಾವನ ಮನೆಗೆ ಹೋಗುತ್ತೇವೆ, ಚಿಕ್ಕಮ್ಮನೂ ಬರುತ್ತೇನೆ ಅಂದಿದ್ದಾಳೆ.