ತಣ್ಣೀರು ಮುಟ್ಟಿದ್ರೆ ಕೈ ಸುಡೋ ಕಾಯಿಲೆ

ನಮ್ಮ ಕುಣಿಗಲ್ ಕಡೆ ಮೀನು ಅಂದ್ರೆ ಕೆರೆ ಮೀನೇ, ಕಾಟ್ಲಾ, ರೋಹು, ಜಿಲೇಬಿ. ಆದ್ರೆ ಮಂಗಳೂರು ರೋಡು ನಮ್ಮೂರ ಮೇಲೇ ಹೋಗೋದ್ರಿಂದ, ಲಾರಿ ಓಡ್ಸೋ ನಮ್ಮ ಭಾವ ಆಗಾಗ ಥರ್ಮಾಕೋಲ್ ಡಬ್ಬಿಲಿ ಐಸ್ ಹಾಕಿಸ್ಕೊಂಡು ಸಮುದ್ರದ ಮೀನು ತರ್ತಾರೆ. ಆ ಸಲ ತಂದಿದ್ದು ರೆಡ್ ಸ್ನಾಪರ್ ತಲೆಗಳು. ಕಿವಿರು ಇನ್ನೂ ಕೆಂಪಗಿತ್ತು, ಕೆಟ್ಟ ವಾಸನೆ ಒಂಚೂರೂ ಇಲ್ಲ. ಅಮ್ಮ ಹುಣಸೆಹುಳಿ ಬಿಟ್ಟು ಚೆನ್ನಾಗಿ ಕುದ್ಸಿ ಸಾರು ಮಾಡಿದ್ರು, ಮುದ್ದೆ ಜೊತೆ ಎಲ್ರೂ ಉಂಡ್ವಿ, ಅಪ್ಪಂಗೆ ತಲೆ ಅಂದ್ರೆ ಪ್ರಾಣ, ದೊಡ್ಡದು ಅವ್ರಿಗೇ ಬಡಿಸಿದ್ದು.

ರಾತ್ರಿ ಎಲ್ರಿಗೂ ವಾಂತಿ ಭೇದಿ. ನಮಗೆಲ್ಲ ಬೆಳಗ್ಗೆ ಹೊತ್ತಿಗೆ ಕಮ್ಮಿ ಆಯ್ತು, ಅಪ್ಪ ಮಾತ್ರ ತುಟಿ ಜುಮ್ಮಂತಿದೆ, ಕಾಲು ಎತ್ತಕ್ಕಾಗ್ತಿಲ್ಲ ಅಂತಿದ್ರು. ಕುಡಿಯಕ್ಕೆ ಅಂತ ಚೊಂಬಲ್ಲಿ ತಣ್ಣೀರು ಕೊಟ್ಟೆ. ಮುಟ್ಟಿದ್ದೇ ತಡ ಚೊಂಬು ಕೈಬಿಟ್ಟು "ಕುದಿಯೋ ನೀರು ಯಾಕ್ ಕೊಟ್ಯಪ್ಪ" ಅಂದ್ರು, ಬೊಬ್ಬೆ ಎದ್ದಿದ್ಯೇನೋ ಅಂತ ಬೆರಳು ತಿರುಗಿಸಿ ತಿರುಗಿಸಿ ನೋಡ್ಕೊಂಡ್ರು. ನನಗೆ ನಿಜವಾಗ್ಲೂ ಕೈಕಾಲು ಆಡ್ಲಿಲ್ಲ.

ಹತ್ತಿರದ ಕ್ಲಿನಿಕ್‌ನಲ್ಲಿ ಫುಡ್ ಪಾಯ್ಸನ್ ಅಂತ ಡ್ರಿಪ್ಸ್ ಹಾಕಿದ್ರು, ನಾಡಿ ಮಾತ್ರ ಇಳೀತಾನೇ ಹೋಯ್ತು, ತುಮಕೂರಿಗೆ ಕರ್ಕೊಂಡು ಓಡಿದ್ವಿ. ಅಲ್ಲಿದ್ದ ಲೇಡಿ ಡಾಕ್ಟ್ರು ಚೊಂಬಿನ ವಿಷಯ ಕೇಳಿದ ತಕ್ಷಣ "ಯಾವ ಮೀನು? ತಲೆ ತಿಂದ್ರಾ?" ಅಂದ್ರು. ಅವ್ರು ಓದಿದ್ದು ಮಂಗಳೂರಲ್ಲಂತೆ, 2016ರಲ್ಲಿ ಅಲ್ಲಿ ಇದೇ ರೆಡ್ ಸ್ನಾಪರ್ ತಿಂದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದು ಅವ್ರಿಗೆ ಗೊತ್ತಿತ್ತು. ಇದರ ಹೆಸರು ಸಿಗ್ವಟೆರಾ. ಬಿಸಿ ತಣ್ಣಗೆ ಅದಲು ಬದಲು ಆಗೋದೇ ಇದರ ದೊಡ್ಡ ಗುರುತು, ರಕ್ತ ಪರೀಕ್ಷೆಲಿ ಗೊತ್ತಾಗಲ್ಲ, ಇದಕ್ಕೆ ಅಂತ ಮದ್ದೂ ಇಲ್ಲ. ನಾಡಿ ಏರಕ್ಕೆ ಇಂಜೆಕ್ಷನ್ ಕೊಟ್ಟು ನೋಡ್ಕೊಂಡ್ರು. ಅದಕ್ಕೇ ಹೇಳ್ತಿದೀನಿ, ಡಾಕ್ಟ್ರ ಹತ್ರ ಬರೀ ವಾಂತಿ ಅನ್ಬೇಡಿ, ಯಾವ ಮೀನು, ಯಾವ ಭಾಗ ತಿಂದ್ರಿ, ಮೈಗೆ ಏನೇನು ವಿಚಿತ್ರ ಆಗ್ತಿದೆ ಎಲ್ಲಾ ಹೇಳಿ.

ಮೀನು ಹಳಸಿದ್ದಕ್ಕೆ ಬರೋದಲ್ಲ ಇದು. ಸಮುದ್ರದಲ್ಲಿ ಹವಳದ ದಿಬ್ಬಗಳ ಪಾಚಿ ಮೇಲೆ ಗ್ಯಾಂಬಿಯರ್‌ಡಿಸ್ಕಸ್ ಅನ್ನೋ ಕಣ್ಣಿಗೆ ಕಾಣದ ಜೀವಿ ಇರುತ್ತೆ, ವಿಷ ಅದರದ್ದು. ಪಾಚಿ ತಿಂದ ಸಣ್ಣ ಮೀನನ್ನ ದೊಡ್ಡದು ತಿಂದು, ಅದನ್ನ ಇನ್ನೂ ದೊಡ್ಡದು ತಿಂದು, ತಲೆ, ಈಲಿ, ಮೊಟ್ಟೆಲಿ ಹೆಚ್ಚಾಗಿ ಸೇರ್ಕೊಂಡಿರುತ್ತೆ. ಎಷ್ಟು ಕುದ್ಸಿದ್ರೂ, ಐಸಲ್ಲಿ ಇಟ್ರೂ ಹೋಗಲ್ಲ, ರುಚಿಲೂ ತಿಳಿಯಲ್ಲ. ಹಂಗಾಗಿ ಅಮ್ಮನ ಅಡುಗೆದೂ ತಪ್ಪಲ್ಲ, ಭಾವ ತಂದಿದ್ದೂ ತಪ್ಪಲ್ಲ, ಇದನ್ನ ಮನೇಲಿ ಎಲ್ರಿಗೂ ಕೂರಿಸ್ಕೊಂಡು ಹೇಳ್ಬೇಕಾಯ್ತು, ಅಮ್ಮ ಅಷ್ಟು ಅತ್ತಿದ್ರು. 1774ರಲ್ಲೇ ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್ ಹಡಗಿನವರು ಪೆಸಿಫಿಕ್ ಸಾಗರದಲ್ಲಿ ಈಗಿನ ವನುವಾಟು ದ್ವೀಪಗಳ ಹತ್ರ ಮೀನು ತಿಂದು ಹಿಂಗೇ ಮಲಗಿದ್ರಂತೆ.

ಅಪ್ಪ ಈಗ ಹೊಲಕ್ಕೆ ಹೋಗಿಬರ್ತಾರೆ, ಅಂಗೈ ಅಂಗಾಲು ತುರಿಕೆ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ. ಆರು ತಿಂಗಳು ಮೀನು, ಹೆಂಡ, ಕಡ್ಲೆಕಾಯಿ ಮುಟ್ಬೇಡಿ, ಮರುಕಳಿಸುತ್ತೆ ಅಂದಿದಾರೆ ಡಾಕ್ಟ್ರು. ಭಾವ ಈಗ ಬಂಗುಡೆ, ಬೂತಾಯಿ ಬಿಟ್ಟು ಬೇರೆ ತರಲ್ಲ, ಅದೂ ಅಪ್ಪ ಮನೇಲಿ ಇಲ್ದಾಗ.