ಫೀಸ್ ಇಳಿಯಿತು, ಸೀಟು ಎಲ್ಲಿ?

"ಕೆನಡಾದಲ್ಲಿ ದಿನಕ್ಕೆ ಹತ್ತು ಡಾಲರ್‌ಗೆ ಮಗು ನೋಡ್ಕೋತಾರಂತೆ, ನಿನಗೇನಮ್ಮ ಚಿಂತೆ?" ಊರಿಂದ ಯಾರೇ ಫೋನ್ ಮಾಡಿದರೂ ಇದೇ ಮಾತು. ಹತ್ತು ಡಾಲರ್ ಅನ್ನುವುದು ಗುರಿ, ಅಷ್ಟೇ. ನಾವಿರುವ ಒಂಟಾರಿಯೋ, ಕೇಂದ್ರ ಸರ್ಕಾರದ ಈ ಯೋಜನೆಗೆ ಸಹಿ ಹಾಕಿದ್ದು 2022ರ ಮಾರ್ಚ್‌ನಲ್ಲಿ, ಎಲ್ಲ ಪ್ರಾಂತ್ಯಗಳಿಗಿಂತ ಕೊನೆಗೆ. 2025ರ ಜನವರಿಯಿಂದ ಯೋಜನೆಗೆ ಸೇರಿದ ಡೇಕೇರ್‌ಗಳಲ್ಲಿ ಆರು ವರ್ಷದೊಳಗಿನ ಮಕ್ಕಳ ಮೂಲ ಫೀಸ್ ದಿನಕ್ಕೆ 22 ಡಾಲರ್ ದಾಟುವಂತಿಲ್ಲ. ಒಳ್ಳೆಯದೇ. ಆದರೆ ಫೀಸ್ ಇಳಿದಷ್ಟು ಬೇಗ ಸೀಟು ಹೆಚ್ಚಲಿಲ್ಲವಲ್ಲ!

ನಾನು ಮಗಳ ಹೆಸರು ಬರೆಸಿದ ಡೇಕೇರ್‌ಗಳದ್ದೆಲ್ಲ ಬೇರೆ ಬೇರೆ ವೇಟಿಂಗ್ ಲಿಸ್ಟು. ಒಂದು ಕಡೆ ಅಣ್ಣನೋ ಅಕ್ಕನೋ ಆಗಲೇ ಅಲ್ಲಿದ್ದರೆ ತಮ್ಮ ತಂಗಿಯರಿಗೆ ಮೊದಲ ಸೀಟು. ಇನ್ನೊಂದು ಕಡೆ ಅಲ್ಲಿ ಕೆಲಸ ಮಾಡುವವರ ಮಕ್ಕಳಿಗೆ. ಹಾಗಾಗಿ ನಮ್ಮ ನಂಬರು ಒಮ್ಮೊಮ್ಮೆ ಹಿಂದಕ್ಕೂ ಸರಿಯುತ್ತದೆ. ನಮ್ಮ ರೈಲಿನ ವೇಟಿಂಗ್ ಲಿಸ್ಟೇ ವಾಸಿ, ಮುಂದಕ್ಕೆ ಮಾತ್ರ ಹೋಗುತ್ತೆ. ಲಿಸ್ಟಿಗೆ ಸೇರಿಸಲು ದುಡ್ಡು ಕೇಳುವುದನ್ನು ಇಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ, ಅದೊಂದು ಪುಣ್ಯ. "ಯಾರ ಕೈಲಾದ್ರೂ ಹೇಳಿಸೇ" ಅನ್ನುತ್ತಾರೆ ಅಮ್ಮ. ಇಲ್ಲಿ ಯಾರಿಗೆ ಹೇಳಿಸಲಿ?

ಅತಿ ಕಷ್ಟ ಹಸುಗೂಸುಗಳ ರೂಮು. 18 ತಿಂಗಳೊಳಗಿನ 10 ಮಕ್ಕಳಿಗೆ 3 ಜನ ಇರಲೇಬೇಕು, 10ಕ್ಕಿಂತ ಜಾಸ್ತಿ ಮಕ್ಕಳನ್ನು ಒಂದು ಗುಂಪಿನಲ್ಲಿ ಕೂರಿಸುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಮಕ್ಕಳ ಟಾಡ್ಲರ್ ರೂಮಿನಲ್ಲಿ 5 ಮಕ್ಕಳಿಗೆ ಒಬ್ಬರು. ಎರಡೂವರೆ ವರ್ಷ ದಾಟಿದರೆ 8ಕ್ಕೆ ಒಬ್ಬರು. ಮಗು ಚಿಕ್ಕದಾದಷ್ಟೂ ಖರ್ಚು ಜಾಸ್ತಿ, ಅದಕ್ಕೇ ಎಷ್ಟೋ ಡೇಕೇರ್‌ಗಳು ಆ ರೂಮನ್ನೇ ಇಟ್ಟಿಲ್ಲ. ಕಲಿತ ಟೀಚರುಗಳೂ ಸಿಗುವುದಿಲ್ಲ. ಸಿಗುವುದಾದರೂ ಹೇಗೆ? ಆ ಸಂಬಳಕ್ಕೆ ದಿನವಿಡೀ ಅಷ್ಟು ಮಕ್ಕಳ ಡೈಪರ್ ಬದಲಿಸು ಅಂದರೆ ನಾನಂತೂ ಒಲ್ಲೆ.

ಇನ್ನೊಂದು ವಿಷಯ, ಹೊಸದಾಗಿ ಬಂದವರಿಗೆ. ಕಡಿಮೆ ಆದಾಯದ ಮನೆಗಳಿಗೆ ಕೊಡುವ ಫೀ ಸಬ್ಸಿಡಿಯೇ ಬೇರೆ. ಸಬ್ಸಿಡಿಗೆ ಲೆಕ್ಕ ಹಿಡಿಯುವ ಮನೆಯ ಆದಾಯ ವರ್ಷಕ್ಕೆ 20,000 ಡಾಲರ್ ದಾಟದಿದ್ದರೆ ಪೂರ್ತಿ ಉಚಿತ, ಮೇಲೆ ಹೋದಂತೆ ನಿಮ್ಮ ಪಾಲು ಏರುತ್ತದೆ. ಅದಕ್ಕೆ ನಿಮ್ಮ ನಗರ ಅಥವಾ ರೀಜನ್‌ನ (ನಮ್ಮ ಜಿಲ್ಲೆಯ ಹಾಗೆ) ಆಡಳಿತಕ್ಕೆ ಅರ್ಜಿ ಹಾಕಬೇಕು. ಸಬ್ಸಿಡಿ ಮಂಜೂರಾದರೆ ಸೀಟು ಸಿಕ್ಕಿತು ಅಂತಲ್ಲ. ಸೀಟು ನೀವೇ ಹುಡುಕಬೇಕು.

ಡೇಕೇರ್‌ಗೆ ಫೋನ್ ಮಾಡಿದಾಗ ಈಗ ನಾನು ಲಿಸ್ಟಿನ ನಂಬರ್ ಕೇಳುವುದೇ ಇಲ್ಲ. "ಸೆಪ್ಟೆಂಬರ್‌ಗೆ ಎಷ್ಟು ಮಕ್ಕಳು ಶಾಲೆಗೆ ಹೋಗ್ತಾರೆ?" ಅಂತ ಕೇಳುತ್ತೇನೆ. ಆ ವರ್ಷ ನಾಲ್ಕು ತುಂಬುವವರು ಸರ್ಕಾರಿ ಶಾಲೆಯ ಕಿಂಡರ್‌ಗಾರ್ಟನ್‌ಗೆ ಹೋದಾಗಲೇ ಕೆಳಗಿನ ರೂಮಿನವರು ಒಬ್ಬೊಬ್ಬರಾಗಿ ಮೇಲೆ ಹತ್ತುವುದು. ನಮ್ಮ ಪುಟ್ಟಿಗೆ ಆಗಸ್ಟ್‌ನಲ್ಲಿ 18 ತಿಂಗಳು ತುಂಬುತ್ತದೆ. ಹಾಗಾಗಿ ಟಾಡ್ಲರ್ ರೂಮಿನ ಮೇಲೇ ಕಣ್ಣಿಟ್ಟಿದ್ದೇವೆ. ಅಲ್ಲಿಯವರೆಗೆ ಅತ್ತೆ ಇಲ್ಲೇ ಇರಲು ಒಪ್ಪಿದ್ದಾರೆ.